ಆಟಿಸಂ ಪರೀಕ್ಷೆ: ಹಣ ತೆರುವ ಮುನ್ನ ತಿಳಿಯಬೇಕಾದುದು

(ವಾಚನ ಕೂಟಗಳಿಗೂ ಮಹಿಳಾ ಸಂಘಗಳಿಗೂ ಒಂದು ಪಾಠ. ಓದಬಲ್ಲವರು ಗಟ್ಟಿಯಾಗಿ ಓದಿ ಉಳಿದವರಿಗೆ ಕೇಳಿಸಬೇಕಾಗಿ ಕೋರಿಕೆ.)



ಹೊಲಕ್ಕೆ ಯಾವ ಗೊಬ್ಬರ ಎಷ್ಟು ಬೇಕೆಂದು ತಿಳಿಯಲು ನಾವು ಮಣ್ಣನ್ನು ಪರೀಕ್ಷೆಗೆ ಕಳುಹಿಸುತ್ತೇವೆ. ಪರೀಕ್ಷೆಯಿಂದ ಮಣ್ಣು ಬದಲಾಗುವುದಿಲ್ಲ. ಬೇಸಾಯಗಾರನ ಕೆಲಸದ ರೀತಿ ಬದಲಾಗುತ್ತದೆ. ಮಗುವಿನ ಬೆಳವಣಿಗೆಯ ಪರೀಕ್ಷೆಯೂ ಹಾಗೆಯೇ. ಅದರಿಂದ ಮಗು ಬೇರೆಯಾಗುವುದಿಲ್ಲ. ಆ ಮಗುವಿನೊಡನೆ ಮನೆಯವರೂ ಶಾಲೆಯವರೂ ಹೇಗೆ ನಡೆದುಕೊಳ್ಳಬೇಕೆಂಬ ದಾರಿ ಗೊತ್ತಾಗುತ್ತದೆ. ಈ ಸಂಚಿಕೆಯಲ್ಲಿ ಆಟಿಸಂ ಎಂಬ ಸ್ಥಿತಿಯನ್ನು ಕಂಡುಹಿಡಿಯುವ ಪರೀಕ್ಷೆಯ ವಿಷಯವನ್ನು ತಿಳಿದುಕೊಳ್ಳೋಣ. ಪಟ್ಟಣಗಳಲ್ಲಿ ಈ ಪರೀಕ್ಷೆಯನ್ನು ಹಣ ಪಡೆದು ಮಾಡುವ ಖಾಸಗಿ ಕೇಂದ್ರಗಳಿವೆ. ಅವುಗಳಲ್ಲಿ ಒಳ್ಳೆಯವೂ ಉಂಟು, ಅಲ್ಲದವೂ ಉಂಟು. ಹಣ ಕೊಡುವವರಿಗೆ ವಿವೇಚನೆ ಬೇಕು.

೧. ಒಂದು ಮನೆಯ ಮಾತು

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಊರಿನ ಹೆಸರು ಬೇಡ. ಯಾವ ಊರಾದರೂ ಆಗಬಹುದು. ಎರಡೆಕರೆ ಗದ್ದೆ, ಎರಡು ಕರೆಯುವ ಹಸು, ಮೂರು ವರ್ಷದ ಒಬ್ಬನೇ ಗಂಡುಮಗ. ಮಗು ಗುಂಡುಗುಂಡಾಗಿದೆ, ಹೊತ್ತಿಗೆ ಸರಿಯಾಗಿ ನಡೆದಿದೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬಿಸ್ಕತ್ತಿನ ಪೊಟ್ಟಣದ ಸದ್ದಾದರೆ ಹಿತ್ತಿಲಿನಿಂದ ಓಡಿ ಬರುತ್ತದೆ. ನೀರು ಬೇಕಾದರೆ ಕೇಳುವುದಿಲ್ಲ, ಬೆರಳು ಮಾಡಿ ತೋರುವುದೂ ಇಲ್ಲ. ತಾಯಿಯ ಕೈಯನ್ನು ಹಿಡಿದೆಳೆದು ಬಿಂದಿಗೆಯ ಮೇಲಿಡುತ್ತದೆ. ಸೈಕಲ್ಲನ್ನು ಮಗುಚಿ ಹಾಕಿ ಚಕ್ರವನ್ನು ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತದೆ. ತಮಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತದೆ.

ಅಜ್ಜಿ ಹೇಳುತ್ತಾರೆ: "ಅವರಪ್ಪನಿಗೂ ಮಾತು ಬಂದದ್ದು ನಾಲ್ಕು ವರ್ಷಕ್ಕೇ ಕಣಮ್ಮ, ಸುಮ್ಮನಿರು." ನೆರೆಮನೆಯಾಕೆ ಹೇಳುತ್ತಾಳೆ: "ಮೊಬೈಲು ಕೊಟ್ಟು ಕೆಡಿಸಿದಿರಿ." ಮತ್ತೊಬ್ಬರು ಹರಕೆ ಹೊರಲು ಹೇಳುತ್ತಾರೆ. ಅಂಗನವಾಡಿಯ ಟೀಚರು ಮಾತ್ರ ತಾಯಿಯನ್ನು ಪಕ್ಕಕ್ಕೆ ಕರೆದು, "ಅಕ್ಕಾ, ನಾನು ಒಂದು ತಿಂಗಳಿಂದ ಗಮನಿಸ್ತಾ ಇದ್ದೀನಿ. ಮಗು ಬೇರೆ ಮಕ್ಕಳ ಜೊತೆ ಸೇರ್ತಾ ಇಲ್ಲ. ಒಮ್ಮೆ ತೋರಿಸಿಬಿಡಿ" ಎನ್ನುತ್ತಾರೆ. ತಾಯಿಯ ಮೊದಲ ಪ್ರಶ್ನೆ: "ನನ್ನಿಂದ ಏನಾದರೂ ತಪ್ಪಾಯ್ತಾ ಟೀಚರ್?"

ಅಷ್ಟರಲ್ಲಿ ಪಟ್ಟಣದ ನೆಂಟರೊಬ್ಬರು ಒಂದು ಕೇಂದ್ರದ ಸುದ್ದಿ ತರುತ್ತಾರೆ: ಒಂದೇ ದಿನದಲ್ಲಿ ಪರೀಕ್ಷೆ, ಕೈಗೆ ಸರ್ಟಿಫಿಕೇಟು, ಆರು ತಿಂಗಳಲ್ಲಿ ಪೂರ್ಣ ಗುಣ, ಹಣ ಮಾತ್ರ ಮುಂಗಡ. ತಂದೆ ಒಂದು ಹಸುವನ್ನು ಮಾರಲು ಸಿದ್ಧನಾಗುತ್ತಾನೆ.

ಈ ತಂದೆ ಏನು ಮಾಡಬೇಕು? ತಾಯಿಯ ಪ್ರಶ್ನೆಗೆ ಉತ್ತರವೇನು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಪಾಠವನ್ನು ಮುಂದುವರಿಸೋಣ.

೨. ಆಟಿಸಂ ಎಂದರೇನು?

ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರಿದೆ. ಇದು ಅಂಟುರೋಗವಲ್ಲ, ಹುಚ್ಚಲ್ಲ, ದೆವ್ವದ ಕಾಟವಲ್ಲ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ಭೇದ. ಹುಟ್ಟಿನಿಂದ ಬಂದು ಜೀವನದುದ್ದಕ್ಕೂ ಇರುತ್ತದೆ. ಇದಕ್ಕೆ ಎರಡು ಮುಖಗಳುಂಟು. ಒಂದು, ಇತರರೊಡನೆ ಬೆರೆಯುವುದರಲ್ಲಿಯೂ ಮಾತು, ಸನ್ನೆ, ನೋಟಗಳ ಕೊಡುಕೊಳ್ಳುವಿಕೆಯಲ್ಲಿಯೂ ತೊಡಕು. ಇನ್ನೊಂದು, ಮಾಡಿದ್ದನ್ನೇ ಮಾಡುವುದು, ಒಂದೇ ವಿಷಯದಲ್ಲಿ ಅತಿಯಾದ ಆಸಕ್ತಿ, ಬದಲಾವಣೆಯನ್ನು ಸಹಿಸದಿರುವುದು, ಸದ್ದು, ಬೆಳಕು, ಬಟ್ಟೆ, ರುಚಿಗಳ ವಿಷಯದಲ್ಲಿ ಅತಿ ಸೂಕ್ಷ್ಮತೆ ಅಥವಾ ಪರಿವೆಯೇ ಇಲ್ಲದಿರುವುದು.

ಈ ಸ್ಥಿತಿಯನ್ನು ೧೯೪೩ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಎಂಬವರು ೧೧ ಮಕ್ಕಳನ್ನು ನೋಡಿ ವಿವರಿಸಿದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಎಂಬವರು, ಚೆನ್ನಾಗಿ ಮಾತನಾಡಬಲ್ಲ ಆದರೆ ಜನರೊಡನೆ ಬೆರೆಯಲಾರದ ಹುಡುಗರನ್ನು ಕುರಿತು ಬರೆದರು. ಲಂಡನ್ನಿನ ವೈದ್ಯೆ ಲೋರ್ನಾ ವಿಂಗ್, ಇವೆಲ್ಲವೂ ಒಂದೇ ಪಟ್ಟಿಯ ಬೇರೆ ಬೇರೆ ಬಣ್ಣಗಳೆಂದು ತೋರಿಸಿದರು. ಆದುದರಿಂದ ಒಂದು ಮಗು ಮಾತೇ ಆಡದಿರಬಹುದು, ಇನ್ನೊಂದು ಓದಿನಲ್ಲಿ ಮೊದಲಿರಬಹುದು. ಎರಡೂ ಆಟಿಸಂ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನ ೧೨೭ ಜನರಲ್ಲಿ ಒಬ್ಬರಿಗೆ ಈ ಸ್ಥಿತಿ ಇತ್ತು. ಎಂದ ಮೇಲೆ ಇದು ಪಟ್ಟಣದ ಕಾಯಿಲೆಯಲ್ಲ. ನಮ್ಮ ಊರುಗಳಲ್ಲಿಯೂ ಇದೆ, ಹೆಸರು ಗೊತ್ತಿಲ್ಲ ಅಷ್ಟೆ.

ಇನ್ನು ತಾಯಿಯ ಪ್ರಶ್ನೆ. ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದೆ ಹೀಗಾಗುತ್ತದೆಂದು ಹಿಂದೆ ಕೆಲವು ಪಂಡಿತರು ಹೇಳುತ್ತಿದ್ದರು. ಅದು ಪೂರ್ಣ ಸುಳ್ಳೆಂದು ಸಿದ್ಧವಾಗಿದೆ. ದಡಾರದ ಲಸಿಕೆ ಕಾರಣವೆಂದು ೧೯೯೮ರಲ್ಲಿ ಇಂಗ್ಲೆಂಡಿನ ಒಂದು ವೈದ್ಯ ಪತ್ರಿಕೆಯಲ್ಲಿ ಲೇಖನ ಬಂದಿತ್ತು. ೨೦೧೦ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಆದುದರಿಂದ ಲಸಿಕೆಯನ್ನು ತಪ್ಪಿಸಬೇಡಿ. ಮೊಬೈಲನ್ನು ಬಹಳ ಹೊತ್ತು ನೋಡಿದರೆ ಮಗುವಿನೊಡನೆ ಮಾತನಾಡುವ ವೇಳೆ ಕಡಿಮೆಯಾಗುತ್ತದೆ, ಅದು ಒಳ್ಳೆಯದಲ್ಲ. ಆದರೆ ಅದರಿಂದಲೇ ಆಟಿಸಂ ಬಂತೆಂದು ತಾಯಿಯನ್ನು ದೂರುವುದು ಸಲ್ಲದು. ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು. ಅದು ಯಾರ ತಪ್ಪೂ ಅಲ್ಲ.

೩. ಯಾವ ಲಕ್ಷಣ ಕಂಡರೆ ತಡಮಾಡಬಾರದು?

ಕೆಳಗಿನವುಗಳನ್ನು ಗೋಡೆಯ ಮೇಲೆ ಬರೆದಿಡಬಹುದು.

(ಅ) ಒಂದು ವರ್ಷವಾದರೂ ತೊದಲು ಮಾತಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಟಾಟಾ ಮಾಡುವುದು, ಎತ್ತಿಕೋ ಎಂದು ಕೈ ಚಾಚುವುದು ಮುಂತಾದ ಸನ್ನೆಗಳಿಲ್ಲ.

(ಆ) ಒಂದೂವರೆ ವರ್ಷವಾದರೂ ಒಂದು ಮಾತೂ ಇಲ್ಲ; ಚಂದ್ರನನ್ನೋ ಬಸ್ಸನ್ನೋ ಬೆರಳು ಮಾಡಿ ತೋರಿಸಿ "ನೀನೂ ನೋಡು" ಎಂಬಂತೆ ನಮ್ಮ ಮುಖ ನೋಡುವುದಿಲ್ಲ.

(ಇ) ಎರಡು ವರ್ಷವಾದರೂ "ಅಮ್ಮ ಬಾ", "ಹಾಲು ಕೊಡು" ಎಂದು ಎರಡು ಮಾತನ್ನು ತಾನಾಗಿಯೇ ಸೇರಿಸುವುದಿಲ್ಲ.

(ಈ) ಯಾವ ವಯಸ್ಸಿನಲ್ಲಿಯೇ ಆಗಲಿ, ಬಂದಿದ್ದ ಮಾತು ಅಥವಾ ನಗು, ಬೆರೆಯುವಿಕೆ ಹೋಗಿಬಿಟ್ಟಿದೆ.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದು ತೀರ್ಮಾನಿಸಬಾರದು. ಕಿವಿ ಕೇಳದಿದ್ದರೂ ಮಾತು ಬರುವುದಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾದರೂ ಹೀಗಾಗಬಹುದು. ಆದರೆ ಒಂದು ಕಂಡರೂ ತೋರಿಸತಕ್ಕದ್ದು. ಅಜ್ಜಿ ಹೇಳಿದಂತೆ ತಡವಾಗಿ ಮಾತು ಬರುವ ಮಕ್ಕಳೂ ಉಂಟು, ನಿಜ. ಆದರೆ ತೋರಿಸಿ ಏನೂ ಇಲ್ಲವೆಂದಾದರೆ ನಷ್ಟವಾಗುವುದು ಒಂದು ದಿನದ ಕೂಲಿ. ತೋರಿಸದೆ ಕಾದರೆ ಕಳೆದುಹೋಗುವುದು ಮಗು ಬಹಳ ಬೇಗ ಕಲಿಯುವ ವರ್ಷಗಳು. ತಿಳಿದವರು ಪರೀಕ್ಷಿಸಿದರೆ ಎರಡು ವರ್ಷದ ಮಗುವಿನಲ್ಲಿಯೂ ಆಟಿಸಂ ಇದೆಯೇ ಎಂಬುದನ್ನು ನಂಬತಕ್ಕಂತೆ ಹೇಳಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಹೆಣ್ಣುಮಗು ಸುಮ್ಮನೆ ಮೂಲೆಯಲ್ಲಿ ಕುಳಿತರೆ "ಎಷ್ಟು ಸಾಧು!" ಎಂದು ಹೊಗಳಿ ಬಿಟ್ಟುಬಿಡುತ್ತೇವೆ.

೪. ಮೊದಲು ಎಲ್ಲಿಗೆ ಹೋಗಬೇಕು?

ಹಸುವನ್ನು ಮಾರುವ ಮೊದಲು ಹಣವಿಲ್ಲದೆ ಆಗುವ ಕೆಲಸವನ್ನು ಮುಗಿಸಿಕೊಳ್ಳಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ೨೦೧೩ರಲ್ಲಿ ಆರಂಭವಾಯಿತು. ಇದರ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲವೂ ಸರಕಾರಿ ಶಾಲೆಗೆ ಒಂದು ಸಲವೂ ಬರಬೇಕೆಂದು ನಿಯಮವಿದೆ. ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳಲ್ಲಿ ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಕೂಡ ಸೇರಿದೆ. ಸಂಶಯ ಬಂದ ಮಗುವನ್ನು ಅವರು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ. ತಂಡ ಬರುವ ದಿನವನ್ನು ಅಂಗನವಾಡಿಯಲ್ಲಿ ಕೇಳಿ ತಿಳಿದುಕೊಳ್ಳಿ. ಆ ದಿನ ಮಗುವನ್ನು ಕರೆದುಕೊಂಡು ಹೋಗುವುದನ್ನು ತಪ್ಪಿಸಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅಲ್ಲಿ ಕಿವಿ, ಮಾತು, ಮನಸ್ಸು ಮೂರನ್ನೂ ನೋಡಬಲ್ಲ ತಜ್ಞರು ಒಂದೇ ಆವರಣದಲ್ಲಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೊಡ್ಡವರನ್ನೂ ಅಲ್ಲಿ ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಬಹುದು. ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಟೆಲಿ ಮಾನಸ್ ಸೇವೆಯವರು ಎಲ್ಲಿಗೆ ಹೋಗಬೇಕೆಂದು ಕನ್ನಡದಲ್ಲಿಯೇ ತಿಳಿಸುತ್ತಾರೆ.

ಹಾಗಾದರೆ ಖಾಸಗಿ ಕೇಂದ್ರ ಏಕೆ ಬೇಕು? ದೊಡ್ಡ ಸರಕಾರಿ ಸಂಸ್ಥೆಗಳಲ್ಲಿ ಜನ ಹೆಚ್ಚು. ಸರದಿ ಬರಲು ಕಾಯಬೇಕಾಗಬಹುದು. ದೂರ ಹೆಚ್ಚು; ಸುಗ್ಗಿಯ ಕಾಲದಲ್ಲಿ ಎರಡು ಮೂರು ಸಲ ಹೋಗಿಬರುವುದು ಕಷ್ಟ. ದೊಡ್ಡವರ ಆಟಿಸಂ ಪರೀಕ್ಷಿಸಲು ಅನುಭವವುಳ್ಳವರು ಎಲ್ಲ ಕಡೆ ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ಖಾಸಗಿಗೆ ಹೋಗುವುದು ತಪ್ಪಲ್ಲ. ಕಣ್ಣುಮುಚ್ಚಿ ಹೋಗುವುದು ತಪ್ಪು.

೫. ಖಾಸಗಿ ಕೇಂದ್ರಕ್ಕೆ ಹೋಗುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

ಒಂದು: ಪರೀಕ್ಷೆ ಮಾಡುವವರು ಯಾರು? ಮಕ್ಕಳ ವೈದ್ಯರು, ಮನೋವೈದ್ಯರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ಮಾತಿನ ತಜ್ಞರು ಇವರಲ್ಲಿ ಯಾರು ಯಾರು ನೋಡುತ್ತಾರೆ? ಕ್ಲಿನಿಕಲ್ ಮನಶ್ಶಾಸ್ತ್ರಜ್ಞರೂ ಮಾತಿನ ತಜ್ಞರೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಹೊಂದಿರುತ್ತಾರೆ. ಆ ಸಂಖ್ಯೆಯನ್ನು ಕೇಳುವುದು ಅವಮಾನವಲ್ಲ. ಬೀಜದ ಚೀಲದ ಮೇಲಿನ ಚೀಟಿಯನ್ನು ನೋಡದೆ ನಾವು ಬೀಜ ಕೊಳ್ಳುತ್ತೇವೆಯೇ?

ಎರಡು: ಎಷ್ಟು ಹೊತ್ತು ನೋಡುತ್ತಾರೆ? ಹದಿನೈದು ನಿಮಿಷದಲ್ಲಿ ಮುಗಿಯುವ ಕೆಲಸವಲ್ಲ ಇದು. ಕೆಲವು ಗಂಟೆಗಳು, ಕೆಲವೊಮ್ಮೆ ಎರಡು ಮೂರು ಭೇಟಿಗಳು ಬೇಕಾಗುತ್ತವೆ.

ಮೂರು: ಯಾವ ಭಾಷೆಯಲ್ಲಿ ನೋಡುತ್ತಾರೆ? ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡುವ ಮಗುವನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸಿ ಅಂಕ ಹಾಕಿದರೆ ಆ ಅಂಕಕ್ಕೆ ಬೆಲೆಯಿಲ್ಲ. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಆಟಿಸಂ ಬರುವುದಿಲ್ಲ ಎಂಬುದೂ ತಿಳಿದಿರಲಿ.

ನಾಲ್ಕು: ಒಟ್ಟು ಖರ್ಚು ಎಷ್ಟು? ಪರೀಕ್ಷೆಗೆ, ವರದಿಗೆ, ವಿವರಿಸಿ ಹೇಳುವ ಭೇಟಿಗೆ ಬೇರೆ ಬೇರೆ ಶುಲ್ಕವೇ? ರಸೀದಿ ಕೊಡುತ್ತಾರೆಯೇ? ಮುಂದಿನ ತರಬೇತಿಯ ಹಣವನ್ನು ಪರೀಕ್ಷೆಗೆ ಮೊದಲೇ ಕೇಳುವ ಕಡೆ ನಿಲ್ಲಬೇಡಿ.

ಐದು: ಲಿಖಿತ ವರದಿ ಕೊಡುತ್ತಾರೆಯೇ? ಅದನ್ನು ಸರಕಾರಿ ಆಸ್ಪತ್ರೆಗೂ ಶಾಲೆಗೂ ತೋರಿಸುವಂತೆ ಸಹಿ, ಮೊಹರು, ನೋಂದಣಿ ಸಂಖ್ಯೆ ಇರುತ್ತವೆಯೇ?

೬. ಒಳ್ಳೆಯ ಪರೀಕ್ಷೆ ಹೇಗೆ ನಡೆಯುತ್ತದೆ?

ಆಟಿಸಂ ಇದೆಯೆಂದು ಹೇಳುವ ರಕ್ತಪರೀಕ್ಷೆ ಇಲ್ಲ. ತಲೆಯ ಸ್ಕ್ಯಾನೂ ಹೇಳಲಾರದು. ಫಿಟ್ಸ್ ಮುಂತಾದ ಬೇರೆ ತೊಂದರೆಯ ಸಂಶಯವಿದ್ದರೆ ವೈದ್ಯರು ಅಂಥ ಪರೀಕ್ಷೆಗಳನ್ನು ಬರೆಯುತ್ತಾರೆ. ಅದು ಬೇರೆ ಮಾತು. ಆಟಿಸಂ ತಿಳಿಯುವುದು ಕೇಳಿ, ನೋಡಿ, ಅಳೆದು.

ಕೇಳುವುದು: ಬಸುರಿನಿಂದ ಹಿಡಿದು ಇಂದಿನವರೆಗಿನ ಚರಿತ್ರೆಯನ್ನು ತಾಯಿತಂದೆಯರಿಂದ ಕೇಳುತ್ತಾರೆ. ಯಾವಾಗ ನಕ್ಕಿತು, ಯಾವಾಗ ನಡೆಯಿತು, ಮೊದಲ ಮಾತೇನು, ಬಂದ ಮಾತು ಹೋಯಿತೇ, ಹೇಗೆ ಆಡುತ್ತದೆ, ಏನು ತಿನ್ನುತ್ತದೆ, ಹೇಗೆ ನಿದ್ರಿಸುತ್ತದೆ. ತಾಯಿ ಕಾರ್ಡನ್ನು ಕೊಂಡೊಯ್ಯಿರಿ. ಮಗು ಮನೆಯಲ್ಲಿ ಆಡುವುದನ್ನು ಎರಡು ನಿಮಿಷ ಮೊಬೈಲಿನಲ್ಲಿ ಹಿಡಿದು ಒಯ್ದರೆ ಬಹಳ ಉಪಯೋಗ. ಹೊಸ ಜಾಗದಲ್ಲಿ ಮಗು ಬೇರೆ ರೀತಿ ನಡೆದುಕೊಳ್ಳಬಹುದು. ಅಂಗನವಾಡಿ ಟೀಚರಿಂದ ನಾಲ್ಕು ಸಾಲು ಬರೆಯಿಸಿಕೊಳ್ಳಿ.

ಕಿವಿಯ ಪರೀಕ್ಷೆ: ಇದನ್ನು ಬಿಡಲೇಬಾರದು. ಮಾತು ಬಾರದ ಮಗುವಿಗೆ ಬೇರಾ ಎಂಬ ಪರೀಕ್ಷೆಯುಂಟು. ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ನಿದ್ರಿಸುವ ಮಗುವಿನ ಕಿವಿಗೆ ಸದ್ದನ್ನು ಕೇಳಿಸಿ ಮಿದುಳಿಗೆ ಅದು ಮುಟ್ಟಿತೇ ಎಂದು ನೋಡುತ್ತಾರೆ. ನೋವಾಗುವುದಿಲ್ಲ.

ನೋಡುವುದು: ಆಟದ ಸಾಮಾನು ಹರಡಿ ಮಗುವಿನೊಡನೆ ತಜ್ಞರು ನೆಲದ ಮೇಲೆ ಕೂರುತ್ತಾರೆ. ಗುಳ್ಳೆ ಊದಿ ನಿಲ್ಲಿಸಿ, ಮತ್ತೆ ಬೇಕೆಂದು ಮಗು ಹೇಗೆ ತಿಳಿಸುತ್ತದೆಂದು ನೋಡುತ್ತಾರೆ. ಗೊಂಬೆಗೆ ಸುಳ್ಳುಸುಳ್ಳೇ ಊಟ ಮಾಡಿಸುತ್ತದೆಯೇ, ನಕ್ಕರೆ ನಗುತ್ತದೆಯೇ ಎಂದು ಗಮನಿಸುತ್ತಾರೆ. ಈ ನೋಡುವಿಕೆಗೆ ಆಡಾಸ್ ಎಂಬ ವ್ಯವಸ್ಥಿತ ಕ್ರಮವೊಂದಿದೆ. ಮಾತು ಬಾರದ ಕೂಸಿನಿಂದ ಹಿಡಿದು ಮಾತು ಬಲ್ಲ ದೊಡ್ಡವರವರೆಗೆ ಐದು ಭಾಗಗಳುಂಟು. ಇಲ್ಲಿ ತಜ್ಞರಿಗೆ ಊರಿನ ರೀತಿಯೂ ಗೊತ್ತಿರಬೇಕು. ಹಿರಿಯರ ಮುಂದೆ ಕಣ್ಣು ತಗ್ಗಿಸಬೇಕೆಂದು ನಾವು ಕಲಿಸಿದ ಮಗುವನ್ನು, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲವೆಂದು ಆಟಿಸಂ ಎನ್ನಲಾಗದು.

ಅಳೆಯುವುದು: ನಮ್ಮ ದೇಶದಲ್ಲಿಯೇ ತಯಾರಾದ ಮಾಪನ ಇಸಾ ಎಂಬುದು ೨೦೦೯ರಲ್ಲಿ ಬಳಕೆಗೆ ಬಂದಿತು. ಇದರಲ್ಲಿ ೪೦ ಅಂಶಗಳು, ಆರು ವಿಭಾಗಗಳು: ಜನರೊಡನೆ ಬೆರೆಯುವುದು, ಭಾವನೆ, ಮಾತು, ನಡವಳಿಕೆ, ಇಂದ್ರಿಯಗಳು, ಬುದ್ಧಿ. ಪ್ರತಿಯೊಂದಕ್ಕೂ ೧ರಿಂದ ೫ರವರೆಗೆ ಅಂಕ. ಒಟ್ಟು ೭೦ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದೂ, ೭೦ರಿಂದ ೧೦೬ ಅಲ್ಪವೆಂದೂ, ೧೦೭ರಿಂದ ೧೫೩ ಮಧ್ಯಮವೆಂದೂ, ಅದಕ್ಕೂ ಮೇಲಾದರೆ ತೀವ್ರವೆಂದೂ ಲೆಕ್ಕ. ಇದರ ಜೊತೆಗೆ ಮಗುವಿನ ಬುದ್ಧಿಯ ಬೆಳವಣಿಗೆಯನ್ನೂ, ಉಡುವುದು ಉಣ್ಣುವುದು ಮುಂತಾದ ನಿತ್ಯದ ಕೆಲಸಗಳನ್ನೂ ಬೇರೆ ಮಾಪನಗಳಿಂದ ಅಳೆಯುತ್ತಾರೆ.

ಇಲ್ಲಿ ಒಂದು ಮಾತು ಮುಖ್ಯ. ಅಂಕವೊಂದೇ ತೀರ್ಪಲ್ಲ. ಕೇಳಿದ್ದು, ನೋಡಿದ್ದು, ಅಳೆದದ್ದು ಮೂರನ್ನೂ ಕೂಡಿಸಿ ತಜ್ಞರು ತೀರ್ಮಾನಕ್ಕೆ ಬರುತ್ತಾರೆ. ಪ್ರಶ್ನಾಪಟ್ಟಿಯೊಂದನ್ನು ಮಾತ್ರ ತುಂಬಿಸಿ, ಮಗುವನ್ನು ನೋಡದೆ, "ಆಟಿಸಂ ಇದೆ" ಎಂದು ಬರೆದುಕೊಟ್ಟರೆ ಅದನ್ನು ಪರೀಕ್ಷೆ ಎನ್ನಲಾಗದು. ಅಂಥ ಪಟ್ಟಿಗಳು ಸಂಶಯವಿದೆಯೇ ಎಂದು ಸೋಸಿ ನೋಡುವ ಜರಡಿಗಳು, ಅಷ್ಟೆ.

ವರದಿ: ಮಗು ಏನನ್ನು ಮಾಡಲಾರದು ಎಂಬುದರ ಜೊತೆಗೆ ಏನನ್ನು ಮಾಡಬಲ್ಲದು ಎಂಬುದೂ ವರದಿಯಲ್ಲಿರಬೇಕು. ಯಾವ ಮಾಪನ ಬಳಸಿದರು, ಎಷ್ಟು ಅಂಕ, ಏಕೆ ಈ ತೀರ್ಮಾನ, ಮನೆಯಲ್ಲೇನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ಇಷ್ಟೂ ಇರಬೇಕು. ಅದನ್ನು ನಿಮ್ಮ ಮಾತಿನಲ್ಲಿ ವಿವರಿಸಿ ಹೇಳುವವರೆಗೆ ಎದ್ದು ಬರಬೇಡಿ.

೭. ದೊಡ್ಡವರಿಗೂ ಪರೀಕ್ಷೆಯುಂಟೇ?

ಉಂಟು. ನಮ್ಮ ಉದಾಹರಣೆಯ ಮನೆಗೇ ಹಿಂದಿರುಗೋಣ. ತಜ್ಞರು ಮಗುವಿನ ಚರಿತ್ರೆಯನ್ನು ಕೇಳುತ್ತಿದ್ದಾಗ ತಾಯಿಗೆ ತನ್ನ ಅಣ್ಣನ ನೆನಪು ಬರುತ್ತದೆ. ಅವನೂ ಹೀಗೆಯೇ ಇದ್ದನಲ್ಲವೇ! ಈಗ ಅವನಿಗೆ ೩೬ ವರ್ಷ. ಹಾಲಿನ ಸಂಘದಲ್ಲಿ ಜಿಡ್ಡಿನಂಶ ನೋಡುವ ಕೆಲಸದಲ್ಲಿದ್ದಾಗ ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಆದರೆ ಮದುವೆಮನೆಗೆ ಹೋಗುವುದಿಲ್ಲ. ಹೋದರೂ ಗದ್ದಲ ತಾಳದೆ ಊಟದ ಮುಂಚೆ ಎದ್ದು ಬರುತ್ತಾನೆ. ತಮಾಷೆಯ ಮಾತನ್ನು ನಿಜವೆಂದು ತಿಳಿದು ಜಗಳವಾಡುತ್ತಾನೆ. ಕೆಲಸದ ವೇಳೆ ಬದಲಾಯಿಸಿದರೆಂದು ಕೆಲಸವನ್ನೇ ಬಿಟ್ಟು ಬಂದ. ಊರಿನವರು ಅವನನ್ನು ಗರ್ವಿ ಎಂದರು. ಮನೆಯವರು ಮೊಂಡ ಎಂದರು. ಅವನು ತನ್ನನ್ನು ತಾನು ಏನೆಂದುಕೊಂಡನೋ ಯಾರೂ ಕೇಳಲಿಲ್ಲ.

ಇಂಥವರ ಪರೀಕ್ಷೆಯಲ್ಲಿ ಮೂರು ವಿಶೇಷಗಳುಂಟು. ಮೊದಲನೆಯದು, ಬಾಲ್ಯದ ಚರಿತ್ರೆ. ಆಟಿಸಂ ನಡುವಯಸ್ಸಿನಲ್ಲಿ ಹೊಸದಾಗಿ ಬರುವುದಲ್ಲ. ಚಿಕ್ಕಂದಿನಲ್ಲಿಯೂ ಇತ್ತೆಂದು ತೋರಬೇಕು. ತಾಯಿ ಇದ್ದರೆ ತಾಯಿ, ಇಲ್ಲದಿದ್ದರೆ ಅಕ್ಕ, ಸೋದರತ್ತೆ, ಹಳೆಯ ಮೇಷ್ಟರು ಹೇಳಬಲ್ಲರು. ಎರಡನೆಯದು, ದೊಡ್ಡವರು ಇತರರನ್ನು ನೋಡಿ ನಡೆಯಲು ಕಲಿತಿರುತ್ತಾರೆ. ನಗಬೇಕಾದಲ್ಲಿ ನಗುತ್ತಾರೆ, ಮನೆಗೆ ಬಂದು ದಣಿದು ಬೀಳುತ್ತಾರೆ. ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಹೊರಗಿನ ನಡೆಯನ್ನಷ್ಟೇ ಅರ್ಧ ಗಂಟೆ ನೋಡಿದವರಿಗೆ ಇದು ಕಾಣದು. ಮೂರನೆಯದು, ಜನರ ಮುಂದೆ ಅಂಜಿಕೆ, ಮಂಕು ಕವಿಯುವುದು, ಗೀಳು, ಚಿತ್ತಚಾಂಚಲ್ಯ ಇವು ಆಟಿಸಂನಂತೆ ತೋರಬಹುದು, ಅಥವಾ ಅದರ ಜೊತೆಯಲ್ಲಿಯೇ ಇರಬಹುದು. ಇವನ್ನು ಬಿಡಿಸಿ ನೋಡಲು ಮನೋವೈದ್ಯರು ಬೇಕು. ೫೦ ಪ್ರಶ್ನೆಗಳ ಒಂದು ಪಟ್ಟಿ ಮೊಬೈಲಿನಲ್ಲಿಯೂ ಸಿಗುತ್ತದೆ. ಅದರಲ್ಲಿ ಅಂಕ ಹೆಚ್ಚು ಬಂದರೆ ಪರೀಕ್ಷೆಗೆ ಹೋಗಬಹುದೆಂದು ಅರ್ಥ, ಆಟಿಸಂ ಇದೆಯೆಂದಲ್ಲ.

೩೬ ವರ್ಷವಾದ ಮೇಲೆ ಹೆಸರು ತಿಳಿದು ಪ್ರಯೋಜನವೇನು ಎಂದು ಕೆಲವರು ಕೇಳುತ್ತಾರೆ. ಪ್ರಯೋಜನವುಂಟು. ವೇಳೆ ಬದಲಾಗುವುದನ್ನು ಒಂದು ವಾರ ಮುಂಚೆ ತಿಳಿಸಿದ್ದರೆ ಆ ಕೆಲಸ ಉಳಿಯುತ್ತಿತ್ತು. ಅವನು ಗರ್ವಿಯಲ್ಲವೆಂದು ಮನೆಯವರಿಗೆ ತಿಳಿಯುತ್ತದೆ, ಅವನಿಗೂ ತಿಳಿಯುತ್ತದೆ. ಆದರೆ ದೊಡ್ಡವರನ್ನು ಬಲವಂತದಿಂದ ಪರೀಕ್ಷೆಗೆ ಒಯ್ಯಬಾರದು. ಅವರ ಒಪ್ಪಿಗೆ ಬೇಕು; ವರದಿ ಅವರದು. ಅದನ್ನು ಊರಿಗೆಲ್ಲ ಸಾರುವ ಹಕ್ಕು ನೆಂಟರಿಗಿಲ್ಲ.

೮. ಖಾಸಗಿ ವರದಿಯೂ ಸರಕಾರಿ ಸರ್ಟಿಫಿಕೇಟೂ ಬೇರೆ ಬೇರೆ

ಇದನ್ನು ಎರಡು ಸಲ ಓದಿ. ಖಾಸಗಿ ಕೇಂದ್ರ ಕೊಡುವುದು ವರದಿ. ಸರಕಾರಿ ಸೌಲಭ್ಯಕ್ಕೆ ಬೇಕಾದುದು ಸರಕಾರ ನೇಮಿಸಿದ ವೈದ್ಯಾಧಿಕಾರಿಗಳು ಕೊಡುವ ವಿಕಲಚೇತನ ಪ್ರಮಾಣಪತ್ರ ಮತ್ತು ಅದರೊಡನೆ ಬರುವ ಯು.ಡಿ.ಐ.ಡಿ. ಕಾರ್ಡು. ಆದುದರಿಂದ "ಕೈಗೆ ಸರ್ಟಿಫಿಕೇಟು" ಎಂಬ ಖಾಸಗಿಯವರ ಮಾತಿಗೆ ಬೆಲೆಯಿಲ್ಲ. ಖಾಸಗಿ ವರದಿ ವ್ಯರ್ಥವೇನೂ ಅಲ್ಲ. ಸರಕಾರಿ ಆಸ್ಪತ್ರೆಯ ವೈದ್ಯರಿಗೆ ಅದು ಸಹಾಯವಾಗುತ್ತದೆ.

ಆಟಿಸಂ ಎಂಬುದು ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿಯೂ, ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ೨೧ ಬಗೆಗಳಲ್ಲಿಯೂ ಸೇರಿದೆ. ಶೇಕಡ ೪೦ ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರದಲ್ಲಿದ್ದರೆ ೬ರಿಂದ ೧೮ ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕುಂಟು. ಸರಕಾರಿ ನೌಕರಿಗಳ ಶೇಕಡ ೪ ಮೀಸಲಾತಿಯಲ್ಲಿ ಆಟಿಸಂ ಇರುವವರಿಗೂ ಪಾಲುಂಟು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಶೇಕಡ ೫ ಹಣ ಮೀಸಲಿರುತ್ತದೆ; ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಅರ್ಜಿ ತುಂಬಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಶಾಲೆಯ ವಿಷಯಕ್ಕೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಬೇಕು.

೯. ಮೋಸಕ್ಕೆ ಒಳಗಾಗಬೇಡಿ

ಆಟಿಸಂ ಅನ್ನು ತೆಗೆದುಹಾಕುವ ಔಷಧಿ ಇಲ್ಲ. ನಿದ್ರೆ, ಫಿಟ್ಸ್, ತೀವ್ರ ಕೋಪ ಮುಂತಾದವುಗಳಿಗೆ ವೈದ್ಯರು ಔಷಧಿ ಕೊಡಬಹುದು. "ಪೂರ್ಣ ಗುಣ" ಎಂದು ವಾಯಿದೆ ಹೇಳುವವರಿಂದ ದೂರವಿರಿ. ಸ್ಟೆಮ್ ಸೆಲ್ ಎಂಬ ದುಬಾರಿ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ೨೦೨೨ರಲ್ಲಿಯೇ ತಿಳಿಸಿದೆ. ಕೂದಲು ಪರೀಕ್ಷಿಸಿ ವಿಷ ತೆಗೆಯುತ್ತೇವೆಂಬುದು, ಬರೆ ಹಾಕುವುದು, ಕಟ್ಟಿಹಾಕಿ ಹೊಡೆಯುವುದು ಇವೆಲ್ಲ ಮಗುವಿಗೆ ಹಿಂಸೆ. ಹರಕೆ ಹೊರುವುದು ನಿಮ್ಮ ನಂಬಿಕೆ. ಅದಕ್ಕಾಗಿ ಪರೀಕ್ಷೆಯನ್ನು ಮುಂದೂಡಬೇಡಿ.

೧೦. ಪರೀಕ್ಷೆಯಾದ ಮೇಲೆ ಮನೆಯ ಕೆಲಸ

ವರದಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಫಲವಿಲ್ಲ. ತಜ್ಞರು ವಾರಕ್ಕೆ ಒಂದೆರಡು ಗಂಟೆ ಕಲಿಸಬಹುದು. ಉಳಿದ ಹೊತ್ತೆಲ್ಲ ಮಗು ಮನೆಯಲ್ಲಿರುತ್ತದೆ. ಈ ಅಭ್ಯಾಸಗಳಿಗೆ ಕಾಸು ಬೇಡ.

(ಅ) ಮಗುವಿನ ಎತ್ತರಕ್ಕೆ ಕುಳಿತು, ಎದುರಿಗೆ ಬಂದು, ಚಿಕ್ಕ ಮಾತಿನಲ್ಲಿ ಹೇಳಿ. "ನೀರು", "ನೀರು ಬೇಕು". ಹೇಳಿ ಸ್ವಲ್ಪ ಹೊತ್ತು ಕಾಯಿರಿ; ಉತ್ತರಕ್ಕೆ ಅದಕ್ಕೆ ಸಮಯ ಬೇಕು.

(ಆ) ಮಗು ಚಕ್ರ ತಿರುಗಿಸುತ್ತಿದ್ದರೆ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು ನೀವೂ ಒಮ್ಮೆ ತಿರುಗಿಸಿ. "ಈಗ ನಿನ್ನ ಸರದಿ" ಎನ್ನಿ. ಸರದಿಯಿಂದಲೇ ಬೆರೆಯುವುದು ಆರಂಭವಾಗುತ್ತದೆ.

(ಇ) ಬೆಳಗಿನಿಂದ ರಾತ್ರಿಯವರೆಗಿನ ಕೆಲಸಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ ತೋರಿಸಿ. ಜಾತ್ರೆಗೋ ನೆಂಟರ ಮನೆಗೋ ಹೋಗುವುದಾದರೆ ಮುಂಚೆಯೇ ಹೇಳಿ.

(ಈ) ಮಾತು ಬಾರದಿದ್ದರೆ ಸನ್ನೆ ಮತ್ತು ಚಿತ್ರಗಳನ್ನು ಕಲಿಸಿ. ಅದರಿಂದ ಮಾತು ನಿಂತುಹೋಗುವುದಿಲ್ಲ.

(ಉ) ಸದ್ದಿಗೆ ಚೀರಿದರೆ ಹಟವೆಂದು ಹೊಡೆಯಬೇಡಿ, ದೂರ ಕರೆದೊಯ್ಯಿರಿ.

ಇನ್ನು ಆ ಹಸುವಿನ ಮಾತು. ನಮ್ಮ ಉದಾಹರಣೆಯ ತಂದೆ ಈ ಪಾಠವನ್ನು ಕೇಳಿದ್ದರೆ ಮೊದಲು ಅಂಗನವಾಡಿಗೆ ಬರುವ ವೈದ್ಯ ತಂಡಕ್ಕೆ ತೋರಿಸಿ, ಅವರ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾನೆ. ಸರದಿ ತಡವೆಂದಾದರೆ ಐದು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವ ಖಾಸಗಿಯವರಲ್ಲಿ ಪರೀಕ್ಷೆಯನ್ನು ಮಾತ್ರ ಮಾಡಿಸುತ್ತಾನೆ. ಹಸು ಕೊಟ್ಟಿಗೆಯಲ್ಲಿಯೇ ಇರುತ್ತದೆ. ಆ ಮಗುವಿಗೆ ಮುಂದಿನ ಹಲವು ವರ್ಷ ಹಾಲೂ ಬೇಕು, ತರಬೇತಿಗೆ ಹೋಗಿಬರುವ ಬಸ್ಸಿನ ಹಣವೂ ಬೇಕು. ಮತ್ತು ಸಂಜೆ ಗದ್ದೆಯಿಂದ ಬಂದವನು ಮಗನ ಪಕ್ಕದಲ್ಲಿ ಕುಳಿತು ಆ ಸೈಕಲ್ಲಿನ ಚಕ್ರವನ್ನು ತಾನೂ ಒಮ್ಮೆ ತಿರುಗಿಸುತ್ತಾನೆ.

ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

೧. ನಮ್ಮ ಊರಿನ ಅಂಗನವಾಡಿಗೆ ವೈದ್ಯ ತಂಡ ಕಳೆದ ಸಲ ಬಂದದ್ದು ಯಾವಾಗ? ಮುಂದೆ ಬರುವುದು ಯಾವಾಗ?
೨. ಮಾತು ತಡವಾದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಏಕೆ ಬೇಕು?
೩. ಖಾಸಗಿ ವರದಿಗೂ ಸರಕಾರಿ ಪ್ರಮಾಣಪತ್ರಕ್ಕೂ ಇರುವ ಭೇದವೇನು?
೪. ನಮ್ಮಲ್ಲಿ ಯಾರನ್ನಾದರೂ ಗರ್ವಿ, ಮೊಂಡ, ಮಂಕು ಎಂದು ಕರೆಯುತ್ತಿದ್ದೇವೆಯೇ? ಆ ಹೆಸರನ್ನು ಇಂದಿನಿಂದ ಬಿಡಬಹುದಲ್ಲವೇ?